ಹಳೆಯ ಟ್ರ್ಯಾಕ್ಟರ್, ಹೊಸ ಟ್ರ್ಯಾಕ್ಟರ್: ಎಳೆಯುವ ಬಲವೂ ನಿಲ್ಲಿಸುವ ಬಲವೂ

ಕಬ್ಬು ಕಡಿಯುವ ಕಾಲ ಬಂದಿತೆಂದರೆ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ಹಿಂದೆ ಒಂದು ಟ್ರೇಲರ್ ಕಟ್ಟುತ್ತಿದ್ದವರು ಈಗ ಎರಡನ್ನು ಕಟ್ಟುತ್ತಾರೆ. ಈ ಸಮಯದಲ್ಲಿ ರೈತ ಬಾಂಧವರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: “ಹಳೆಯ 35ರ ಗಾಡಿಯನ್ನು ಕೊಟ್ಟು ಹೊಸ 50ರ ಗಾಡಿಯನ್ನು ತಂದರೆ ಎಷ್ಟು ಟನ್ನು ಹೆಚ್ಚಿಗೆ ಎಳೆಯಬಹುದು?” ಪ್ರಶ್ನೆ ಸರಿಯಾದದ್ದೇ. ಆದರೆ ಅದು ಅರ್ಧ ಪ್ರಶ್ನೆ. ಉಳಿದರ್ಧವನ್ನು ಕೇಳದೆ ಹೋದರೆ ಜೀವಕ್ಕೇ ಅಪಾಯವಾಗುವುದರಿಂದ ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಮೊದಲು ಎತ್ತಿನ ಗಾಡಿಯನ್ನೇ ನೆನೆಯೋಣ. ಒಂದು ಜೊತೆ ಎತ್ತು ದಿನವಿಡೀ ದಣಿಯದೆ ಎಳೆಯುವ ಬಲವು ಅವುಗಳ ತೂಕದ ಹತ್ತನೆಯ ಒಂದು ಪಾಲಿನಷ್ಟು. ಎರಡೂ ಸೇರಿ 800 ಕಿಲೋ ಇದ್ದರೆ ಎಳೆತ ಸುಮಾರು 80 ಕಿಲೋ. ಕಬ್ಬಿಣದ ಹಳಿಯ ಚಕ್ರ ಹೋಗಿ ಟೈರ್ ಗಾಡಿ ಬಂದಾಗ ಎತ್ತುಗಳೇನೂ ಬದಲಾಗಲಿಲ್ಲ. ಆದರೂ ಅದೇ ಜೊತೆ ಹೆಚ್ಚು ಹೇರನ್ನು ಎಳೆಯತೊಡಗಿತು. ಚಕ್ರ ಸಲೀಸಾಗಿ ಉರುಳಿದ್ದೇ ಇದಕ್ಕೆ ಕಾರಣ. ಅದರೊಡನೆ ಹೊಸ ತೊಂದರೆಯೊಂದೂ ಬಂದಿತು. ಇಳುಕಲಿನಲ್ಲಿ ಹಳಿಯ ಗಾಡಿ ತಾನಾಗಿಯೇ ತಡೆದು ನಿಲ್ಲುತ್ತಿತ್ತು. ಟೈರ್ ಗಾಡಿಯ ಹೇರು ಎತ್ತುಗಳ ಕುತ್ತಿಗೆಯ ಮೇಲೆ ನುಗ್ಗಿ ಬರತೊಡಗಿತು. ಟ್ರ್ಯಾಕ್ಟರಿನ ಕಥೆಯೂ ಇದೇ, ತೂಕ ಮಾತ್ರ ಹತ್ತು ಪಟ್ಟು.

ಅಶ್ವಶಕ್ತಿ ಬೇರೆ, ಎಳೆತ ಬೇರೆ

ನಮ್ಮ ದೇಶದಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂದಿತು. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕಂಪನಿಯು 1971ರಲ್ಲಿ ಪಿಂಜೋರಿನಲ್ಲಿ 25 ಅಶ್ವಶಕ್ತಿಯ ಜೆಟರ್ 2511 ಮಾದರಿಯನ್ನು ತಯಾರಿಸತೊಡಗಿತು. ಆ ಕಾಲದಲ್ಲಿ 25, 35 ಎಂಬುವೇ ದೊಡ್ಡ ಅಂಕಿಗಳು. ಈಗ 45, 50, 55 ಎಂಬ ಮಾತು ಸಾಮಾನ್ಯವಾಗಿದೆ. ಅಂಗಡಿಯವರು ‘ಎಚ್‌ಪಿ’ ಎಂದು ಹೇಳುವ ಈ ಅಂಕಿಯು ಇಂಜಿನ್ನು ಎಷ್ಟು ಬೇಗ ಕೆಲಸ ಮಾಡಬಲ್ಲುದು ಎಂಬುದನ್ನು ತಿಳಿಸುತ್ತದೆಯೇ ಹೊರತು, ಎಷ್ಟು ಬಿಗಿಯಾಗಿ ಎಳೆಯಬಲ್ಲುದು ಎಂಬುದನ್ನಲ್ಲ.

ಎಳೆತವು ಹುಟ್ಟುವುದು ಹಿಂದಿನ ದೊಡ್ಡ ಚಕ್ರ ನೆಲವನ್ನು ಹಿಡಿಯುವ ಜಾಗದಲ್ಲಿ. ಆ ಚಕ್ರಗಳ ಮೇಲೆ ಎಷ್ಟು ಭಾರವಿದೆ, ನೆಲ ಎಷ್ಟು ಹಿಡಿತ ಕೊಡುತ್ತದೆ, ಇವೆರಡೇ ಅದನ್ನು ನಿರ್ಧರಿಸುತ್ತವೆ. ಒಣಗಿದ ಡಾಂಬರು ರಸ್ತೆಯಲ್ಲಿ ಹಿಡಿತವು ಆ ಭಾರದ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ; ಒಣ ಮಣ್ಣಿನಲ್ಲಿ ಅರ್ಧದಷ್ಟು; ಒದ್ದೆ ಕೆಸರಿನಲ್ಲಿ ಮೂರನೆಯ ಒಂದು ಪಾಲೂ ಸಿಕ್ಕುವುದು ಕಷ್ಟ. ಇಂಜಿನ್ನು ಎಷ್ಟೇ ಗರ್ಜಿಸಿದರೂ ಚಕ್ರ ನಿಂತಲ್ಲೇ ತಿರುಗಿದರೆ ಪ್ರಯೋಜನವಿಲ್ಲ.

ಸುಮಾರು 1,750 ಕಿಲೋ ತೂಗುವ ಹಳೆಯ 35ರ ಟ್ರ್ಯಾಕ್ಟರನ್ನೂ, 2,100 ಕಿಲೋ ತೂಗುವ ಹೊಸ 50ರ ಟ್ರ್ಯಾಕ್ಟರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಒಣ ಡಾಂಬರಿನ ಮೇಲೆ ಹಳೆಯದು ಸುಮಾರು 900 ಕಿಲೋ, ಹೊಸದು ಸುಮಾರು 1,100 ಕಿಲೋ ಬಲದಿಂದ ಎಳೆಯಬಲ್ಲುದು. ಅಶ್ವಶಕ್ತಿಯಲ್ಲಿ ನೂರಕ್ಕೆ 43ರಷ್ಟು ಹೆಚ್ಚಳ. ಎಳೆತದಲ್ಲಿ ಹೆಚ್ಚಿದ್ದು ನೂರಕ್ಕೆ 20ರ ಆಸುಪಾಸು ಮಾತ್ರ, ಏಕೆಂದರೆ ತೂಕ ಹೆಚ್ಚಿದ್ದೇ ಅಷ್ಟು. ಉಳಿದ ಶಕ್ತಿ ಎಲ್ಲಿ ಹೋಯಿತು? ಅದು ವೇಗವಾಗಿ ಬರುತ್ತದೆ. ಟ್ರೇಲರಿನ ತೂಕವೂ ಸೇರಿ ಹತ್ತು ಟನ್ ಹೇರಿನೊಡನೆ, ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಹಳೆಯದು ಗಂಟೆಗೆ 9 ಕಿಲೋಮೀಟರಿನಂತೆ ಹತ್ತಿದರೆ, ಹೊಸದು 13ರಂತೆ ಹತ್ತುತ್ತದೆ. ಎರಡೂ ಹತ್ತುತ್ತವೆ.

ಮಟ್ಟಸವಾದ ಡಾಂಬರಿನಲ್ಲಿ ಒಂದು ಟನ್ನನ್ನು ಉರುಳಿಸಲು ಸುಮಾರು 20 ಕಿಲೋ ಎಳೆತ ಸಾಕು. ಇಪ್ಪತ್ತು ಟನ್ನಿಗೆ 400 ಕಿಲೋ ಆಯಿತು. ಹಳೆಯ ಟ್ರ್ಯಾಕ್ಟರಿಗೂ ಅದು ಹೆಚ್ಚಲ್ಲ! ಇಲ್ಲಿಯೇ ಮೋಸವಿರುವುದು. ಮಟ್ಟದಲ್ಲಿ ಎಳೆಯಿತೆಂದು ಎರಡು ಟ್ರೇಲರ್ ತುಂಬಿಸಿ ಹೊರಟವರು ಮೇಲೆ ಹೇಳಿದ ಏರಿಗೆ ಬಂದೊಡನೆ 1,500 ಕಿಲೋಗೂ ಹೆಚ್ಚಿನ ಎಳೆತ ಬೇಕಾಗುತ್ತದೆ. ಹಳೆಯದೂ ಸೋಲುತ್ತದೆ, ಹೊಸದೂ ಸೋಲುತ್ತದೆ. ಒಂದೋ ಚಕ್ರ ಜಾರುತ್ತದೆ, ಇಲ್ಲವೇ ಮುಂದಿನ ಚಕ್ರ ಮೇಲೇಳುತ್ತದೆ. ಏರಿನ ಬುಡದಲ್ಲಿ ಇನ್ನೊಂದು ಟ್ರ್ಯಾಕ್ಟರನ್ನು ತಂದು ಮುಂದೆ ಕಟ್ಟುವುದನ್ನು ನೀವು ನೋಡಿಯೇ ಇರುತ್ತೀರಿ.

ನಾಲ್ಕೂ ಚಕ್ರ ಎಳೆಯುವ ಹೊಸ ಮಾದರಿಗಳ ವಿಷಯ ಬೇರೆ. ಅವುಗಳಲ್ಲಿ ಮುಂದಿನ ಚಕ್ರದ ಭಾರವೂ ಹಿಡಿತಕ್ಕೆ ಸೇರುವುದರಿಂದ ಗದ್ದೆಯ ಕೆಸರಿನಿಂದ ಹೇರನ್ನು ಹೊರತರುವಾಗ ನಿಜವಾದ ಲಾಭವಿದೆ. ಗೇರುಗಳ ಸಂಖ್ಯೆ ಹೆಚ್ಚಿರುವುದೂ, ಪವರ್ ಸ್ಟೇರಿಂಗ್ ಇರುವುದೂ ಡ್ರೈವರಿನ ದಣಿವನ್ನು ಕಡಿಮೆ ಮಾಡುತ್ತವೆ.

ಕೊಂಡಿ ಎಲ್ಲಿರಬೇಕು

ಮುಂದಿನ ಚಕ್ರ ಮೇಲೇಳುವ ಮಾತು ಬಂದಿತಷ್ಟೆ. ಟ್ರೇಲರನ್ನು ಹಿಂಬದಿಯ ತಗ್ಗಿನಲ್ಲಿರುವ ಡ್ರಾಬಾರಿನ ಕೊಂಡಿಗೇ ಕಟ್ಟಬೇಕು. ನೇಗಿಲು, ಕಲ್ಟಿವೇಟರ್ ಕಟ್ಟುವ ಮೇಲಿನ ಕೊಂಡಿಗೆ ಎಂದಿಗೂ ಕಟ್ಟಬಾರದು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಎಂಬಾತನು ರೂಪಿಸಿದ, 1939ರ ಫೋರ್ಡ್ ಟ್ರ್ಯಾಕ್ಟರಿನಿಂದ ಜಗತ್ತಿಗೆಲ್ಲ ಹರಡಿದ ಆ ಮೂರು ಕೊಂಡಿಗಳ ಏರ್ಪಾಟು ಉಪಕರಣಗಳಿಗಾಗಿ ಇರುವುದು, ಹೇರಿಗಾಗಿ ಅಲ್ಲ. ಎಳೆಯುವ ಜಾಗ ಹಿಂದಿನ ಅಚ್ಚಿಗಿಂತ ಮೇಲೆ ಹೋದಷ್ಟೂ ಟ್ರ್ಯಾಕ್ಟರು ಹಿಮ್ಮುಖವಾಗಿ ಮಗುಚುವ ಸಂಭವ ಹೆಚ್ಚು. ಮಗುಚತೊಡಗಿದರೆ ಕ್ಲಚ್ಚನ್ನು ಒತ್ತುವಷ್ಟು ಹೊತ್ತೂ ಸಿಕ್ಕುವುದಿಲ್ಲ. ಈ ವಿಷಯದಲ್ಲಿ ಹೊಸ ಟ್ರ್ಯಾಕ್ಟರು ಹಳೆಯದಕ್ಕಿಂತ ಹೆಚ್ಚು ಅಪಾಯಕಾರಿಯಾಗಬಹುದು, ಏಕೆಂದರೆ ಅದರ ಇಂಜಿನ್ನು ಅರೆಕ್ಷಣದಲ್ಲಿ ಹೆಚ್ಚು ಬಲವನ್ನು ಕೊಡುತ್ತದೆ. ಏರಿನಲ್ಲಿ ನಿಂತ ಗಾಡಿಯ ಕ್ಲಚ್ಚನ್ನು ಥಟ್ಟನೆ ಬಿಡಬಾರದು. ಮುಂದೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಕೂರಿಸಿಕೊಳ್ಳುವುದು ಒಳ್ಳೆಯದು.

ನಿಲ್ಲಿಸುವ ಲೆಕ್ಕ

ಈಗ ಉಳಿದರ್ಧ ಪ್ರಶ್ನೆಗೆ ಬರೋಣ. ಹಳೆಯ ಟ್ರ್ಯಾಕ್ಟರುಗಳಲ್ಲಿ ಒಣ ಬ್ರೇಕುಗಳಿದ್ದವು. ನೀರು, ಧೂಳು ಹೊಕ್ಕರೆ ಅವು ಸರಿಯಾಗಿ ಹಿಡಿಯುತ್ತಿರಲಿಲ್ಲ. ಉದ್ದನೆಯ ಇಳುಕಲಿನಲ್ಲಿ ಕಾದು ಸೋಲುತ್ತಿದ್ದವು. ಹೊಸವುಗಳಲ್ಲಿ ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ತಟ್ಟೆಗಳಿವೆ. ಅವು ಬೇಗ ಸವೆಯುವುದಿಲ್ಲ, ಕಾದರೂ ಎಣ್ಣೆ ತಂಪು ಮಾಡುತ್ತದೆ. ಇದು ಮೆಚ್ಚತಕ್ಕ ಸುಧಾರಣೆ.

ಆದರೆ ಬ್ರೇಕು ಎಷ್ಟೇ ಒಳ್ಳೆಯದಿರಲಿ, ಅದು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. ಆ ಚಕ್ರಗಳು ನೆಲವನ್ನು ಹಿಡಿಯುವಷ್ಟು ಮಾತ್ರ ಗಾಡಿ ನಿಲ್ಲುತ್ತದೆ. ಹಿಂದೆ ಬರುವ ಹತ್ತು ಟನ್ನಿನ ಟ್ರೇಲರಿಗೆ ನಮ್ಮ ಕಡೆ ಬಹುಮಟ್ಟಿಗೆ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರು ಹೊಸ ತಲೆಮಾರಿನದಾಯಿತು. ಟ್ರೇಲರು ಅಜ್ಜನ ಕಾಲದಲ್ಲಿಯೇ ಉಳಿಯಿತು.

ಗಂಟೆಗೆ 25 ಕಿಲೋಮೀಟರ್ ವೇಗ, ಮಟ್ಟಸವಾದ ಒಣ ಡಾಂಬರು, ಹಿಂದೆ ಬ್ರೇಕಿಲ್ಲದ ಹತ್ತು ಟನ್. ಅಡ್ಡ ಬಂದುದನ್ನು ನೋಡಿ ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡನ್ನೂ ಸೇರಿಸಿ ಲೆಕ್ಕ ಹಾಕಿದರೆ, ಹಳೆಯ ಟ್ರ್ಯಾಕ್ಟರು ಸುಮಾರು 40 ಮೀಟರಿನಲ್ಲಿ ನಿಲ್ಲುತ್ತದೆ. ಹೊಸದು 35 ಮೀಟರಿನಲ್ಲಿ. ಇಷ್ಟೆಲ್ಲ ಹಣ ಕೊಟ್ಟು ಗಳಿಸಿದ್ದು ಐದು ಮೀಟರ್! ಹೊಸ ಗಾಡಿ ಸಲೀಸಾಗಿ ಓಡುತ್ತದೆಂದು 32ರ ವೇಗಕ್ಕೆ ಏರಿಸಿದರೆ ನಿಲ್ಲಲು 55 ಮೀಟರ್ ಬೇಕು. ಆಗ ಹಳೆಯದೇ ವಾಸಿ ಎನ್ನಬೇಕಾಗುತ್ತದೆ. ಟ್ರೇಲರಿಲ್ಲದ ಬರಿಯ ಟ್ರ್ಯಾಕ್ಟರು 25ರ ವೇಗದಲ್ಲಿ ನಿಲ್ಲುವುದು ಸುಮಾರು 14 ಮೀಟರಿನಲ್ಲಿ. ಡ್ರೈವರನ ಕಾಲಿಗೆ ಅಭ್ಯಾಸವಾಗಿರುವುದು ಈ 14 ಮೀಟರೇ.

ಇದೇ ಹೊಸ ಟ್ರ್ಯಾಕ್ಟರು ಅದೇ ಹತ್ತು ಟನ್ನಿನೊಡನೆ ಇಪ್ಪತ್ತಕ್ಕೆ ಒಂದರ ಇಳುಕಲಿನಲ್ಲಿ 25ರಂತೆ ಇಳಿಯುತ್ತಿದ್ದರೆ ಒಣ ರಸ್ತೆಯಲ್ಲಿಯೇ 75 ಮೀಟರ್ ಬೇಕು. ಮಳೆ ಬಿದ್ದು, ಹೊಲದ ಮಣ್ಣು ಟೈರಿನಿಂದ ಉದುರಿ ರಸ್ತೆ ಜಾರುತ್ತಿದ್ದರೆ ಚಕ್ರ ಪೂರ್ತಿ ಕಟ್ಟಿಹೋದರೂ ಗಾಡಿ ಕೆಳಗಿನವರೆಗೂ ಜಾರುತ್ತಲೇ ಹೋಗಬಹುದು. ಆಗ ಟ್ರೇಲರು ಟ್ರ್ಯಾಕ್ಟರಿನ ಬೆನ್ನನ್ನು ಪಕ್ಕಕ್ಕೆ ದೂಡಿ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ.

ಆದ್ದರಿಂದ ಎಷ್ಟು ಹೇರಬೇಕೆಂಬುದನ್ನು ದಾರಿಯಲ್ಲಿ ಸಿಕ್ಕುವ ಅತಿ ಕಡಿದಾದ ಇಳುಕಲನ್ನು ನೋಡಿ ನಿಶ್ಚಯಿಸಬೇಕು, ಕಾರ್ಖಾನೆಯ ಮುಂದಿನ ಮಟ್ಟಸವಾದ ರಸ್ತೆಯನ್ನು ನೋಡಿ ಅಲ್ಲ. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಸಿಕ್ಕುವಾಗ ಈ ಮಾತು ಹಿತವಾಗುವುದಿಲ್ಲವೆಂದು ಬಲ್ಲೆವು. ಆದರೂ ಹೇಳದೆ ಇರುವಂತಿಲ್ಲ.

ಇಳುಕಲಿಗೆ ಬರುವ ಮೊದಲೇ ಕೆಳಗಿನ ಗೇರಿಗೆ ಹಾಕಿಕೊಂಡು, ಇಂಜಿನ್ನೇ ತಡೆಯುವಂತೆ ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕುವ ಚಾಳಿ ಬಹಳ ಕೆಟ್ಟದ್ದು. ಉಳಿಯುವುದು ಒಂದು ಲೋಟ ಡೀಸೆಲ್ಲೂ ಅಲ್ಲ. ಅರ್ಧ ಇಳಿದ ಮೇಲೆ ಗೇರು ಬದಲಿಸಲು ಹೋಗಬಾರದು, ಗೇರು ಕೂರದೆ ಹೋದರೆ ಗಾಡಿ ಕೈತಪ್ಪಿದಂತೆಯೇ. ಟ್ರ್ಯಾಕ್ಟರಿಗೆ ಎಡಗಡೆಯ ಚಕ್ರಕ್ಕೊಂದು, ಬಲಗಡೆಯ ಚಕ್ರಕ್ಕೊಂದು ಹೀಗೆ ಎರಡು ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು. ರಸ್ತೆಗೆ ಇಳಿಯುವ ಮೊದಲು ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಮರೆತರೆ ಒಂದೇ ಚಕ್ರ ಹಿಡಿದು, ಗಾಡಿ ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ.

ಹೊಸ ಟ್ರ್ಯಾಕ್ಟರನ್ನು ಕೊಳ್ಳುವವರು ಅಶ್ವಶಕ್ತಿಯನ್ನಷ್ಟೇ ಕೇಳಿ ಬರಬಾರದು. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಓಡಿಸಿ, ಎಳೆಸಿ ನೋಡಿ ವರದಿ ಕೊಡುತ್ತದೆ. ನಿಮಗೆ ಬೇಕಾದ ಮಾದರಿಯ ವರದಿಯಲ್ಲಿ ಡ್ರಾಬಾರಿನ ಎಳೆತವೆಷ್ಟು, ಟ್ರ್ಯಾಕ್ಟರಿನ ತೂಕವೆಷ್ಟು ಎಂಬುದನ್ನು ಅಂಗಡಿಯವರಿಂದ ಕೇಳಿ ತಿಳಿಯಿರಿ. ಟ್ರೇಲರಿನ ಬ್ರೇಕಿಗೆ ಎಣ್ಣೆಯ ಒತ್ತಡ ಕೊಡುವ ಏರ್ಪಾಟು ಕೆಲವು ಹೊಸ ಮಾದರಿಗಳಲ್ಲಿ ದೊರೆಯುತ್ತದೆ, ಅದನ್ನೂ ವಿಚಾರಿಸಿ. ಇಷ್ಟು ಮಾಡಿದ ಮೇಲೂ ಹಣ ಉಳಿದಿದ್ದರೆ ಇನ್ನೂ ಐದು ಅಶ್ವಶಕ್ತಿಗೆ ಕೊಡುವುದಕ್ಕಿಂತ ಟ್ರೇಲರಿಗೆ ಬ್ರೇಕ್ ಕೂರಿಸಲು ಕೊಡುವುದು ಮೇಲು. ಅದರ ಹಿಂಬದಿಗೆ ಕೆಂಪು ಹೊಳಪಿನ ಪಟ್ಟಿಯನ್ನೂ ಅಂಟಿಸಿರಿ. ಕಬ್ಬಿನ ಗರಿ ಅದನ್ನು ಮುಚ್ಚದಂತೆ ಹೇರನ್ನು ಕಟ್ಟಿರಿ.