ಬಸ್ಸಿನಲ್ಲಿ ಔರಾದಿಗೆ ಹೋದ ಕಂಪ್ಯೂಟರ್

ಭಾಲ್ಕಿಯ ಆ ಡಿಟಿಪಿ ಅಂಗಡಿಗೆ ನಾನು ಹೋಗಿದ್ದು ಲಗ್ನಪತ್ರಿಕೆಯ ಪ್ರೂಫ್ ನೋಡಲು. ಕಣ್ಣು ಹೋಗಿದ್ದು ಕಂಪ್ಯೂಟರ್ ಪರದೆಗೆ. ವಿಂಡೋಸ್ 11ರ ನಡುವೆ ಒಂದು ಚೌಕ. ಅದರೊಳಗೆ ಹಸಿರು ಗುಡ್ಡ, ನೀಲಿ ಆಕಾಶದ ವಿಂಡೋಸ್ ಎಕ್ಸ್‌ಪಿ! "ಹಳೇ ಮಷಿನ್ ಸತ್ತು ನಾಕ್ ವರ್ಷ ಆತ್ರಿ ಸರ್. ಆದ್ರ ಅದರ ಜೀವ ಇದರೊಳಗ ಅದ," ಎಂದು ಮಾಲೀಕರು ನಕ್ಕರು.

ಅದು ವರ್ಚುವಲ್ ಮೆಷೀನ್. ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರೇ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರ್. ಅದರಲ್ಲಿ ಪೇಜ್‌ಮೇಕರ್, ನುಡಿ ತಂತ್ರಾಂಶದ ಹಳೆಯ ಫಾಂಟುಗಳು, ಇಪ್ಪತ್ತು ವರ್ಷಗಳ ಲಗ್ನಪತ್ರಿಕೆ, ಕರಪತ್ರಗಳು. ಯೂನಿಕೋಡ್ ಅಲ್ಲದ ಆ ಫೈಲುಗಳನ್ನು ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಹೊರಗೊಂದು, ಒಳಗೊಂದು: ಭಾಲ್ಕಿಯವರಿಗೆ ಇದು ಹೊಸತೇನಲ್ಲ ಅನ್ನಿಸಿತು ನನಗೆ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಊರಿದು.

ವರ್ಚುವಲ್ ಮೆಷೀನಿನ ಚರಿತ್ರೆ ಚುಟುಕಾಗಿ: 1972ರಲ್ಲಿ ಐಬಿಎಂ ತನ್ನ ದೊಡ್ಡ ಯಂತ್ರಗಳಿಗೆ ವಿಎಂ/370 ತಂದಿತು. 1999ರಲ್ಲಿ ವಿಎಂವೇರ್ ಇದನ್ನು ಮೇಜಿನ ಮೇಲಿನ ಪಿಸಿಗೆ ಇಳಿಸಿತು. 2007ರಲ್ಲಿ ವರ್ಚುವಲ್‌ಬಾಕ್ಸ್ ಬಂತು. ಈ ಅಂಗಡಿಯಲ್ಲಿರುವುದು ಅದೇ.

ನಾನು ಹೋದ ದಿನವೇ ಆ ಎಕ್ಸ್‌ಪಿಯ ಸ್ಥಳಾಂತರ. ಔರಾದಿನಲ್ಲಿ ಅಂಗಡಿ ತೆರೆದಿದ್ದ ಮಾಲೀಕರ ಸೋದರಳಿಯ ಬೀದರ್‌ನಿಂದ ಹೊಸ ಕಂಪ್ಯೂಟರ್ ತಂದಿದ್ದ. ಮಾವ ಮೊದಲು ಎಕ್ಸ್‌ಪಿಯನ್ನು ಪೂರ್ತಿ ಶಟ್‌ಡೌನ್ ಮಾಡಿದರು. ಅರ್ಧಕ್ಕೆ ನಿಲ್ಲಿಸಿ ಒಯ್ದರೆ ಬೇರೆ ಪ್ರೊಸೆಸರ್ ಮೇಲೆ ಅದು ಏಳದೆಯೂ ಇರಬಹುದು. ಆಮೇಲೆ 'ಎಕ್ಸ್‌ಪೋರ್ಟ್' ಒತ್ತಿದರು. ಡಿಸ್ಕು, ಮೆಮೊರಿಯ ಲೆಕ್ಕ, ನೆಟ್‌ವರ್ಕಿನ ವಿವರ ಎಲ್ಲ ಸೇರಿ ಒಂದೇ ಒವಿಎ ಫೈಲಾಯಿತು: 6 ಜಿಬಿ ಚಿಲ್ಲರೆ. ಪೆನ್ ಡ್ರೈವ್ ತೆಗೆದುಕೊಳ್ಳಲಿಲ್ಲ. 32 ಜಿಬಿ ಜಾಗವಿದ್ದರೂ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹತ್ತಿತು. ಔರಾದಿಗೆ ರೈಲಿಲ್ಲ, ಅಂಗಿಯ ಜೇಬಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬಸ್ಸು ಹತ್ತಿದೆವು.

ಅಲ್ಲಿ 'ಇಂಪೋರ್ಟ್' ಸಲೀಸಾಗಿ ಆಯಿತು. ಎಕ್ಸ್‌ಪಿ ಮಾತ್ರ ತೆವಳತೊಡಗಿತು. ಆಗ ಕಿಟಕಿಯ ಕೆಳಗಿನ ಅಂಚಿನಲ್ಲಿ ಕಂಡಿತು, ಒಂದು ಹಸಿರು ಆಮೆ! ಅಳಿಯ ವೈರಸ್ಸೇ ಎಂದು ಗಾಬರಿಯಾದ. ಅಲ್ಲ, ವರ್ಚುವಲ್‌ಬಾಕ್ಸ್ ತಾನೇ ತೋರಿಸುವ ಚಿಹ್ನೆ ಅದು. ವಿಂಡೋಸ್‌ನ ಸ್ವಂತ ಹೈಪರ್-ವಿ ಪ್ರೊಸೆಸರಿನ ವರ್ಚುವಲೀಕರಣ ಸೌಲಭ್ಯವನ್ನು ಮೊದಲೇ ಹಿಡಿದು ಕೂತಿದ್ದರೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಕೆಲಸ ಮಾಡಬೇಕು. ಆಗ ವೇಗ ತಗ್ಗುತ್ತದೆ, ಆಮೆ ಹಾಜರಾಗುತ್ತದೆ. ದೋಷ ಹೇಳುವ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಅಂಕಿಗಳಲ್ಲಿ ಬೈಯುತ್ತವೆ. ಇದೊಂದು ಪ್ರಾಣಿಯನ್ನು ಕಳಿಸುತ್ತದೆ. ನನಗಂತೂ ಆ ಆಮೆಯ ಮೇಲೆ ಪ್ರೀತಿ ಹುಟ್ಟಿತು. ಹೈಪರ್-ವಿ, ಅದರ ಜೊತೆಗೆ 'ಮೆಮೊರಿ ಇಂಟೆಗ್ರಿಟಿ' ಎಂಬ ರಕ್ಷಣೆಯನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದಾಗ ಆಮೆ ಹೋಯಿತು. ರಕ್ಷಣೆಯೂ ಅಷ್ಟು ಕಡಿಮೆಯಾಯಿತು, ನೆನಪಿರಲಿ.

ಅಳಿಯ 2006ರ ಒಂದು ಲಗ್ನಪತ್ರಿಕೆ ತೆರೆದ. ಒತ್ತಕ್ಷರ, ದೀರ್ಘ ಒಂದೂ ಕೆಟ್ಟಿರಲಿಲ್ಲ. "ಮಾವಾ, ಇದು ನಿಮ್ಮದೇ ಮದುವಿದು!" ಎಂದ. ಮಾವ ಕನ್ನಡಕ ಸರಿಮಾಡಿಕೊಂಡರು.

ದೊಡ್ಡ ಸರ್ವರುಗಳಲ್ಲಿ ಓಡುತ್ತಿರುವ ಯಂತ್ರವನ್ನೇ ನಿಲ್ಲಿಸದೆ ದಾಟಿಸುವ ವಿಎಂವೇರ್‌ನ ವಿಮೋಷನ್ 2003ರಿಂದಲೇ ಇದೆ. ನಮ್ಮ ಅಂಗಡಿಗಳಿಗೆ ಪೆನ್ ಡ್ರೈವೇ ಸಾಕು. ಆದರೆ ಇದೇ ಶಾಶ್ವತ ಪರಿಹಾರ ಎಂದು ನಾನು ನಂಬಲಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ಬೇಕಾದ ಬರಹಗಳನ್ನು ಬಿಡುವಿದ್ದಾಗ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಹೊಸ ಕಡೆ ಒಂದು ವಾರ ಕೆಲಸ ಮಾಡಿ, ಒಂದು ಪ್ರಿಂಟ್ ತೆಗೆದು ನೋಡುವ ತನಕ ಹಳೆಯ ಕಂಪ್ಯೂಟರಿನಲ್ಲಿರುವುದನ್ನು ಅಳಿಸಬೇಡಿ.