ಕೊನೆಯ ತುತ್ತು ತಾಯಿಗೇ ಏಕೆ?



ಮಿರ್ಲೆಯ ಆಸುಪಾಸಿನಲ್ಲಿ ಭತ್ತದ ನಾಟಿಯ ದಿನಗಳಲ್ಲಿ ನಸುಕಿಗೇ ಎದ್ದ ತಾಯಿ ಎಲ್ಲರಿಗೂ ಬಡಿಸಿ, ಉಳಿದುದನ್ನು ತಾನುಂಡು ಗದ್ದೆಗಿಳಿಯುತ್ತಾಳೆ. ತಲೆಸುತ್ತು ಬಂದರೆ ಬಿಸಿಲಿನ ಆಯಾಸವೆಂದು ಸುಮ್ಮನಾಗುತ್ತಾಳೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇರುವುದನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡುಕೊಂಡಿತು.

“ಪುರುಸೊತ್ತಿಲ್ಲ ಫಾದರ್” ಎನ್ನುತ್ತಾರೆ. ಎಲ್ಲರೊಡನೆ ಕುಳಿತು ಉಣ್ಣಲು ಹೆಚ್ಚಿನ ಸಮಯ ಬೇಕಿಲ್ಲ. “ಹಣವಿಲ್ಲ” ಎನ್ನುತ್ತಾರೆ. ಮುದ್ದೆ, ಸೊಪ್ಪಿನ ಸಾರು, ಹಿಂಡಲು ನಿಂಬೆ ನಮ್ಮ ಅಡುಗೆಮನೆಯವೇ. ನಿಂಬೆಯ ಹುಳಿ ಕಬ್ಬಿಣಾಂಶ ಮೈಗೂಡಲು ನೆರವಾಗುತ್ತದೆ. ಊಟದೊಡನೆ ಕುಡಿದ ಕಾಫಿ ಅದನ್ನು ತಡೆಯುತ್ತದೆ. ಕಬ್ಬಿಣದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಕಠಿಣವಾದುದು ಮೂರನೆಯ ಆಕ್ಷೇಪ: “ನನ್ನನ್ನು ನಾನೇ ನೋಡಿಕೊಳ್ಳುವುದು ಸ್ವಾರ್ಥವಲ್ಲವೇ?” ಪರರನ್ನು ತನ್ನಂತೆಯೇ ಪ್ರೀತಿಸಬೇಕೆಂದ ಯೇಸುಸ್ವಾಮಿ, ಸ್ವಪ್ರೀತಿಯನ್ನೇ ಪರಪ್ರೀತಿಗೆ ಅಳತೆಗೋಲಾಗಿಸಿದರು. ಅಳತೆಗೋಲೇ ಮುರಿದರೆ ಅಳೆಯುವುದೆಂತು? ಬಳಲಿ ಸಾವನ್ನೇ ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟುದು ಉಪದೇಶವನ್ನಲ್ಲ, ರೊಟ್ಟಿಯನ್ನು, ನೀರನ್ನು.

ಈ ಹೊಣೆ ತಾಯಿಯೊಬ್ಬಳದೇ ಅಲ್ಲ. ಬರುವ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳಿದಾಗ, ಆಕೆಯ ತಟ್ಟೆಗೇ ಮೊದಲು ಬಡಿಸಿರಿ.