ಹಜಾರದಿಂದ ಹೊರಟ ಹಾಡು: ಅಮೆರಿಕದ ಯುವ ಸಂಸ್ಕೃತಿ ಮತ್ತು ಜನಪ್ರಿಯ ಸಂಗೀತ

ಹದಿಮೂರರಿಂದ ಹತ್ತೊಂಬತ್ತರವರೆಗಿನ ಹರೆಯದವರನ್ನು ಸೂಚಿಸುವ ‘ಟೀನೇಜರ್’ ಎಂಬ ಪದ ಅಮೆರಿಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಎರಡನೆಯ ಮಹಾಯುದ್ಧ ಮುಗಿದು, ಹೈಸ್ಕೂಲು ಓದು ಸಾಮಾನ್ಯವಾಗಿ, ಮಧ್ಯಮ ವರ್ಗದ ಮನೆಗಳಲ್ಲಿ ಹಣದ ಓಡಾಟ ಹೆಚ್ಚಿ, ಮಕ್ಕಳ ಕೈಯಲ್ಲೂ ಒಂದಿಷ್ಟು ಕಾಸು ಉಳಿಯತೊಡಗಿದಾಗ, ಅವರದೇ ಉಡುಗೆ, ಮಾತು, ಕುಣಿತಗಳುಳ್ಳ ಪ್ರತ್ಯೇಕ ಸಂಸ್ಕೃತಿಯೊಂದು ರೂಪುಗೊಂಡಿತು. ಅದಕ್ಕೆ ದನಿ ಕೊಟ್ಟದ್ದು ಸಂಗೀತ. ಆ ಸಂಗೀತವನ್ನು ಹಿರಿಯರ ಕಿವಿಯಿಂದ ಆಚೆಗೆ ಒಯ್ದದ್ದು ಅಗ್ಗದ ಹೊಸ ಸಾಧನಗಳು.

ಅಲ್ಲಿಯವರೆಗೆ ರೇಡಿಯೊ ಎಂದರೆ ಹಜಾರದಲ್ಲಿ ಮನೆಮಂದಿಯೆಲ್ಲ ಕೂತು ಕೇಳುವ ದೊಡ್ಡ ಪೆಟ್ಟಿಗೆ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿಯು ನಿಮಿಷಕ್ಕೆ 45 ಸುತ್ತು ತಿರುಗುವ, ಮಗ್ಗುಲಿಗೊಂದು ಹಾಡಿರುವ, 7 ಅಂಗುಲದ ಗ್ರಾಮಫೋನ್ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು; 1954ರಲ್ಲಿ ರೀಜೆನ್ಸಿ ಟಿಆರ್-1 ಎಂಬ ಕಿಸೆಯ ಟ್ರಾನ್ಸಿಸ್ಟರ್ ರೇಡಿಯೊ 49.95 ಡಾಲರಿಗೆ ಮಾರಾಟಕ್ಕೆ ಬಂತು. ಮುಂದೆ ಇಂಥವುಗಳ ಬೆಲೆ ಇಳಿದಂತೆ, ಯಾವ ಹಾಡು ಕೇಳಬೇಕೆಂಬ ತೀರ್ಮಾನ ತಂದೆತಾಯಿಯರ ಕೈತಪ್ಪಿತು.

ಹೀಗೆ ಕೇಳಿಬಂದ ಹಾಡುಗಳಲ್ಲಿ ಬಹುಪಾಲಿನ ಬೇರು ಕಪ್ಪು ಜನರ ‘ರಿದಮ್ ಅಂಡ್ ಬ್ಲೂಸ್’ನಲ್ಲಿತ್ತು, ಇದು ನೋವಿನ ಹಾಡಾದ ಬ್ಲೂಸ್‌ಗೆ ಕುಣಿಸುವ ಲಯ ಬೆರೆತ ಪ್ರಕಾರ. ದಕ್ಷಿಣದ ರಾಜ್ಯಗಳ ಶಾಲೆಗಳಲ್ಲಿ, ಬಸ್ಸುಗಳಲ್ಲಿ ವರ್ಣಭೇದ ಜಾರಿಯಲ್ಲಿದ್ದರೂ ರೇಡಿಯೊ ಅಲೆಗಳಿಗೆ ಆ ಗೋಡೆ ಅಡ್ಡಬರಲಿಲ್ಲ. ಕ್ಲೀವ್‌ಲೆಂಡ್‌ನ ಉದ್ಘೋಷಕ ಅಲನ್ ಫ್ರೀಡ್ 1951ರಿಂದ ಈ ಸಂಗೀತವನ್ನು ಬಿಳಿಯ ಯುವಕರಿಗೂ ಮುಟ್ಟಿಸಿ, ಅದಕ್ಕೆ ‘ರಾಕ್ ಅಂಡ್ ರೋಲ್’ ಎಂಬ ಹೆಸರು ಜನಪ್ರಿಯವಾಗಲು ಕಾರಣನಾದ. ಆದರೆ ಕೀರ್ತಿ ಸಮನಾಗಿ ಹಂಚಿಕೆಯಾಗಲಿಲ್ಲ: ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಗಾಯಕಿ ಮೊದಲು ಹಾಡಿದ ‘ಹೌಂಡ್ ಡಾಗ್’, 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿಯ ಕಂಠದಲ್ಲಿ ಜಗತ್ತನ್ನೇ ಸುತ್ತಿತು.

1960ರ ದಶಕದಲ್ಲಿ ಈ ಸಂಗೀತ ನಾಗರಿಕ ಹಕ್ಕುಗಳ ಹೋರಾಟಕ್ಕೂ ವಿಯೆಟ್ನಾಂ ಯುದ್ಧದ ವಿರೋಧಕ್ಕೂ ದನಿಯಾಯಿತು. 1969ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಹೈನುಗಾರಿಕೆಯ ಹೊಲವೊಂದರಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ಸುಮಾರು 4 ಲಕ್ಷ ಮಂದಿ ಸೇರಿದರು. ಮೊದಲ ರಾತ್ರಿ ಅಲ್ಲಿ ಸಿತಾರ್ ನುಡಿಸಿದವರು ರವಿಶಂಕರ್.

ಕೇಳುಗರು ಸಾಧನವನ್ನೇ ವಾದ್ಯವಾಗಿಸಿಕೊಂಡದ್ದು ನ್ಯೂಯಾರ್ಕ್ ನಗರದ, ಬಡತನ ಕವಿದಿದ್ದ ಬ್ರಾಂಕ್ಸ್ ಪ್ರದೇಶದಲ್ಲಿ. 1973ರ ಆಗಸ್ಟ್ 11ರಂದು ಅಲ್ಲಿನ ಸೆಡ್ಜ್‌ವಿಕ್ ಅವೆನ್ಯೂವಿನ ವಸತಿ ಕಟ್ಟಡದಲ್ಲಿ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಬೇಕೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಏರ್ಪಡಿಸಿದ ಕೂಟದಲ್ಲಿ, ಜಮೈಕಾ ಮೂಲದ ಆಕೆಯ ಅಣ್ಣ ಡಿಜೆ ಕೂಲ್ ಹರ್ಕ್ ಸಂಗೀತದ ಹೊಣೆ ಹೊತ್ತ. ಹಾಡು ನಿಂತು ತಾಳವಾದ್ಯಗಳಷ್ಟೇ ಮೊಳಗುವ ಭಾಗಕ್ಕೆ ‘ಬ್ರೇಕ್’ ಎಂದು ಹೆಸರು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳಲ್ಲಿಟ್ಟು, ಒಂದರಿಂದ ಇನ್ನೊಂದಕ್ಕೆ ಹೊರಳುತ್ತ ಆ ಚಿಕ್ಕ ತುಣುಕನ್ನು ಬೇಕಾದಷ್ಟು ಹೊತ್ತು ಹಿಗ್ಗಿಸುವ ವಿಧಾನ ಅವನದು. ಅದರ ಮೇಲೆ ಪ್ರಾಸಬದ್ಧ ಮಾತು ಕೂಡಿ ರ‍್ಯಾಪ್ ಆಯಿತು. ಕುಣಿತ ಮತ್ತು ಗೋಡೆ ಚಿತ್ರಗಳೊಂದಿಗೆ ಹಿಪ್-ಹಾಪ್ ಎಂಬ ಸಂಸ್ಕೃತಿ ಬೆಳೆಯಿತು.

1981ರಲ್ಲಿ ಬಂದ ಎಂಟಿವಿ ಎಂಬ ಟಿವಿ ವಾಹಿನಿ ಹಾಡಿಗೆ ಮುಖ ಕೊಟ್ಟಿತು, 1999ರಲ್ಲಿ ಬಂದ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಅದನ್ನು ಅಂತರಜಾಲದಲ್ಲಿ ಕೈಯಿಂದ ಕೈಗೆ ಹಂಚಿತು. ಸಾಧನಗಳು ಬದಲಾದರೂ ಯುವಜನರಿಗೆ ಅವು ಕೊಟ್ಟದ್ದು ತಮ್ಮ ಆಯ್ಕೆಯ ಹಾಡು ಕೇಳುವ ಸ್ವಾತಂತ್ರ್ಯವನ್ನು. ಆ ಸ್ವಾತಂತ್ರ್ಯಕ್ಕೆ ಮತ್ತೆ ಮತ್ತೆ ರಾಗ, ಲಯ, ಮಾತುಗಳನ್ನು ಒದಗಿಸಿದವರು ಸಮಾಜ ಹೊರಗಿಟ್ಟಿದ್ದ ಜನ ಎಂಬುದನ್ನು ಮರೆತರೆ ಈ ಚರಿತ್ರೆ ಅರ್ಧವಷ್ಟೇ ತಿಳಿದಂತೆ.